ಶಿಫ್ಟ್ ಒತ್ತಿ, ಬಿಟ್ಟುಬಿಡಿ

ಮಕ್ಕಳೇ, ನುಡಿ ಕೀಲಿಮಣೆಯಲ್ಲಿ ‘ದ’ ಬರಲು ಡಿ ಒತ್ತಿದರೆ ಸಾಕು. ‘ಧ’ ಬೇಕಾದರೆ ಶಿಫ್ಟ್ ಹಿಡಿದುಕೊಂಡೇ ಡಿ ಒತ್ತಬೇಕು. ಲಕ್ವ ಹೊಡೆದ ಮೇಲೆ ಒಂದೇ ಬೆರಳಲ್ಲಿ ಟೈಪ್ ಮಾಡುವ ನಮ್ಮ ದೊಡ್ಡಪ್ಪನ ಪತ್ರಗಳಲ್ಲಿ ‘ಧನ’ವೆಲ್ಲ ‘ದನ’ವಾಗಿ ಮೇಯುತ್ತಿತ್ತು! ತಿದ್ದಿಸಲು ಇನ್ನೊಬ್ಬರನ್ನು ಕಾಯುವುದಕ್ಕಿಂತ ಬರೆಯದಿರುವುದೇ ವಾಸಿ ಎಂದು ಕಂಪ್ಯೂಟರನ್ನೇ ಮುಚ್ಚಿಟ್ಟಿದ್ದರು.

ವಿಂಡೋಸ್‌ನಲ್ಲಿ ಶಿಫ್ಟನ್ನು ಬೆನ್ನುಬೆನ್ನಿಗೆ 5 ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳುತ್ತದೆ. ಆಟದ ನಡುವೆ ಬಂದರೆ ನೀವು ಬೈದುಕೊಂಡು ‘ಬೇಡ’ ಎನ್ನುತ್ತೀರಲ್ಲ, ಅದೇ. ದೊಡ್ಡಪ್ಪನಿಗೆ ನಾನು ‘ಬೇಕು’ ಎಂದು ಒತ್ತಿಕೊಟ್ಟೆ. ಶಿಫ್ಟ್ ಒತ್ತಿ ಬಿಟ್ಟರೂ ಕಂಪ್ಯೂಟರ್ ನೆನಪಿಟ್ಟುಕೊಂಡು ಮುಂದಿನ ಅಕ್ಷರಕ್ಕೆ ಸೇರಿಸುತ್ತದೆ. ಪತ್ರಗಳು ಮತ್ತೆ ಶುರುವಾಗಿವೆ.

ಅಜ್ಜಂದಿರೇ, ಕೈ ನಡುಗಿ ಒಂದೇ ಅಕ್ಷರ ಎರಡೆರಡು ಸಲ ಬೀಳುತ್ತಿದ್ದರೆ, ಮೊಮ್ಮಕ್ಕಳಿಗೆ ‘ಫಿಲ್ಟರ್ ಕೀಸ್’ ಹಾಕಿಕೊಡಲು ಹೇಳಿ. ಎರಡಕ್ಕೂ ಕಾಸು ಬೇಡ.