ಅಮ್ಮನ ದೀಪದ ಮಸಿ ಮತ್ತು ನಾನು ಬರೆದ ಸುಳ್ಳು

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಬ್ರಷ್ ಹಿಡಿದವನು ಕೀಬೋರ್ಡ್ ಕುಟ್ಟುತ್ತಾ ಕೂತರೆ ಎರಡೂ ಕೆಡುತ್ತೆ ಅಂತ ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ. ಈಗ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವುದು ಆಗುತ್ತಿಲ್ಲ. ಸ್ವಲ್ಪ ಜಗಳದ ಧಾಟಿಯಲ್ಲೇ ಬರೆಯುತ್ತಿದ್ದೇನೆ, ಬೇಜಾರಾದರೆ ಬಯ್ದುಬಿಡಿ. ಜಗಳ ಮೊದಲು ನನ್ನ ಜೊತೆಗೇ.

ಮೈಸೂರಿನ ನಮ್ಮ ಹಳೇ ಮನೆಯ ದೇವರ ಮನೆಯಲ್ಲಿ ಗೋಡೆಗೆ ಒಂದು ಗೂಡು ಇದೆ. ಅಮ್ಮ ಮದುವೆಯಾಗಿ ಬಂದ ವರ್ಷದಿಂದ ಅದರಲ್ಲಿ ದೀಪ ಹಚ್ಚುತ್ತಾ ಬಂದಿದ್ದಾಳೆ. ಎಳ್ಳೆಣ್ಣೆ, ಕೈಯಲ್ಲೇ ಹೊಸೆದ ಹತ್ತಿ ಬತ್ತಿ. ಗೂಡಿನ ಮೇಲೆ ನಲವತ್ತು ಚಿಲ್ಲರೆ ವರ್ಷದ ಮಸಿ ನಾಲಗೆಯ ಹಾಗೆ ಗೋಡೆ ಹತ್ತಿದೆ. ಸುಣ್ಣ ಹೊಡೆಸಿದಾಗ ಮುಚ್ಚಿಹೋಗುತ್ತೆ, ಆರು ತಿಂಗಳಿಗೆ ಮತ್ತೆ ಅಲ್ಲೇ ಎದ್ದು ಬರುತ್ತೆ. ನಾನು ಬರೆದದ್ದು ಆ ಮಸಿಯ ಚಿತ್ರ. ದೇವರಿಲ್ಲ, ದೀಪವೂ ಇಲ್ಲ. ಗೋಡೆ, ಮಸಿ, ಅಷ್ಟೇ.

ಅಷ್ಟಕ್ಕೇ ಏಳು ತಿಂಗಳು ಹಿಡಿಯಿತು. ನಾಲ್ಕಡಿ ಮೂರಡಿಯ ಹಲಗೆ, ಮೇಲೆ ಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿ ಮತ್ತು ಅಂಟು ಕಲಸಿ ಪದರದ ಮೇಲೆ ಪದರ ಬಳಿದು, ಒಣಗಿಸಿ ಉಜ್ಜಿ, ಮತ್ತೆ ಬಳಿದು... ಮೈಸೂರು ಸಂಪ್ರದಾಯದ ಚಿತ್ರ ಬರೆಯುತ್ತಿದ್ದ ಹಿರಿಯರೊಬ್ಬರ ಹತ್ತಿರ ಹುಡುಗನಾಗಿದ್ದಾಗ ಕಲಿತದ್ದು. ಚಿನ್ನದ ರೇಕು ಹಚ್ಚುವುದು ಕೊನೆಯ ಒಂದು ದಿನದ ಕೆಲಸ, ಅದರ ಕೆಳಗಿನ ನೆಲ ಸಿದ್ಧ ಮಾಡುವುದೇ ಚಿತ್ರ ಅನ್ನುತ್ತಿದ್ದರು. ಆಗ ಬೇಸರ ಬರುತ್ತಿತ್ತು. ಟ್ಯೂಬಿನಲ್ಲಿ ಸಿಗುವ ಐವರಿ ಬ್ಲ್ಯಾಕ್ ಹಚ್ಚಿ ನೋಡಿದೆ, ಕಂದು ತಿರುಗಿ ಮಂಕಾಗಿ ಕೂತಿತು. ಕೊನೆಗೆ ಹಿಂದೆ ಹೆಂಗಸರು ಕಾಡಿಗೆ ಹಿಡಿಯುತ್ತಿದ್ದ ಹಾಗೆ ದೀಪದ ಮೇಲೆ ಮಣ್ಣಿನ ತಟ್ಟೆ ಬೋರಲು ಹಾಕಿ ಮಸಿ ಹಿಡಿದೆ. ಮಸಿಯ ಸ್ವಭಾವ ಗೊತ್ತಾ ನಿಮಗೆ? ನೀರಿಗೆ ಹಾಕಿದರೆ ಕಲಸುವುದಿಲ್ಲ, ಮೇಲೇ ತೇಲುತ್ತದೆ. ಒಂದೆರಡು ಹನಿ ಸ್ಪಿರಿಟ್ ಬಿಟ್ಟು ತಿಕ್ಕಿದ ಮೇಲೇ ಅದು ನೆನೆಯುವುದು, ಆಮೇಲೆ ಗೋಂದು. ಆ ಕಪ್ಪಿನಲ್ಲಿ ಒಂದು ತೆಳು ನೀಲಿ ಇರುತ್ತದೆ. ನಮ್ಮ ಗೂಡಿನ ಮೇಲೆ ಇದ್ದದ್ದೂ ಅದೇ ನೀಲಿ! ಅದನ್ನು ಕಂಡ ದಿನ ಇಡೀ ದಿನ ಬೇರೇನೂ ಮಾಡಲಿಲ್ಲ.

ಬೆಂಗಳೂರಿನ ಒಂದು ಗ್ಯಾಲರಿಗೆ ಫೋಟೋ ಕಳಿಸಿದೆ. ಕ್ಯುರೇಟರ್ ಹುಡುಗ ತುಂಬಾ ಮರ್ಯಾದಸ್ಥ. "ಸರ್, ಚೆನ್ನಾಗಿದೆ, ಆದ್ರೆ ಇದರ ಪೊಸಿಷನ್ ಏನು? ಸ್ವಲ್ಪ ಡಿವೋಷನಲ್ ಅನ್ನಿಸಿಬಿಡುತ್ತೆ. ಕ್ರಿಟೀಕ್ ಎಲ್ಲಿದೆ ಅಂತ ಕೇಳ್ತಾರೆ. ಒಂದು ಕಾನ್ಸೆಪ್ಟ್ ನೋಟ್ ಕಳಿಸಿ ಸರ್, ನೋಡೋಣ." ಅವತ್ತು ರಾತ್ರಿ ಕೂತು ಬರೆದೆ. ಪಿತೃಪ್ರಧಾನ ಮನೆಯಲ್ಲಿ ಹೆಣ್ಣಿನ ಅದೃಶ್ಯ ಶ್ರಮ, ಆಚರಣೆಯ ಹಿಂಸೆ ಗೋಡೆಯ ಮೇಲೆ ಉಳಿಸಿದ ಗಾಯ, ಇತ್ಯಾದಿ. ಮುಕ್ಕಾಲು ಗಂಟೆ ಸಾಕಾಯಿತು. ಎರಡೇ ದಿನದಲ್ಲಿ ಉತ್ತರ ಬಂತು, ಸೆಲೆಕ್ಟ್ ಆಗಿದೆ ಅಂತ. ಚಿತ್ರದಲ್ಲಿ ಒಂದು ಗೆರೆ ಕೂಡ ಬದಲಾಗಿರಲಿಲ್ಲ ಸ್ವಾಮಿ.

ಉದ್ಘಾಟನೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ, ಬುದ್ಧಿ ಇಲ್ಲದೆ. ಟಿಪ್ಪಣಿಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದರು. ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದಳು. ಆಮೇಲೆ ಮೆಲ್ಲಗೆ, "ಹಿಂಸೆ ಅಂತ ಬರ್ದಿದ್ದೀಯಲ್ಲೋ, ಯಾರು ಹಿಂಸೆ ಕೊಟ್ರೋ ನಂಗೆ?" ಅಂದಳು. ನಾನು ಏನೋ ತೊದಲಿದೆ. ಕಾರಿನಲ್ಲಿ ಕೂತ ಮೇಲೆ ಇನ್ನೊಂದು ಮಾತು: "ಇದಕ್ಕೇನಾ ದಿನಾ ಬೆಳಿಗ್ಗೆ ಬಂದು ಗೂಡಿನ ಮುಂದೆ ಕೂತ್ಕೊಳ್ತಿದ್ದಿದ್ದು?" ರಾಮನಗರ ದಾಟುವವರೆಗೆ ನನಗೆ ಮಾತೇ ಬರಲಿಲ್ಲ.

ಇಲ್ಲಿ ಕೆಲವರು ಹುಬ್ಬೇರಿಸುತ್ತೀರಿ ಅಂತ ಗೊತ್ತು. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಇಡೀ ಮನೆಗೆ ದುಡಿದದ್ದು ನಿಜ, ನಿನಗೆ ಇದು ಬೇಕಾ ಅಂತ ಅವಳನ್ನು ಯಾರೂ ಕೇಳಲಿಲ್ಲ ಅನ್ನುವುದೂ ನಿಜ. ಆ ಕೇಳದವರಲ್ಲಿ ನಾನೂ ಒಬ್ಬ. ಅದನ್ನು ಚಿತ್ರ ಮಾಡುವವರಿದ್ದರೆ ನಾನೇ ಮೊದಲು ಹೋಗಿ ನಿಂತು ನೋಡುತ್ತೇನೆ. ಆದರೆ ನಾನು ಆ ಏಳು ತಿಂಗಳು ನೋಡಿದ್ದು ಅದನ್ನಲ್ಲವಲ್ಲ. ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆದುಕೊಟ್ಟೆ, ಅದೂ ಅವಳ ದೀಪದ ಹೆಸರಿನಲ್ಲಿ. ನನ್ನ ತಕರಾರು ಇದು.

ಸಮಕಾಲೀನ ಕಲೆ ಅಂತ ಕರೆಸಿಕೊಳ್ಳುವ ನಮ್ಮ ಈ ಲೋಕಕ್ಕೆ ನಂಬಿಕೆ ಕಂಡರೆ ಆಗುವುದಿಲ್ಲ ಅಂತೇನಿಲ್ಲ. ಆಗುತ್ತದೆ, ಆದರೆ ಅದು ದೂರದ್ದಾಗಿರಬೇಕು ಅಥವಾ ಸತ್ತಿರಬೇಕು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ ಆತ್ಮಗಳ ಜೊತೆ ಮಾತಾಡುತ್ತೇನೆ ಅಂತ ನಂಬಿ ಚಿತ್ರ ಬರೆದವಳು, 1944ರಲ್ಲಿ ತೀರಿಕೊಂಡಳು. 2018-19ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್‌ನಲ್ಲಿ ಅವಳ ಚಿತ್ರಗಳನ್ನು ಆರು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಹ್ಯೂಸ್ಟನ್ನಿನಲ್ಲಿ 1971ರಲ್ಲಿ ತೆರೆದ ರಾತ್ಕೋ ಚಾಪೆಲ್‌ನಲ್ಲಿ 14 ಚಿತ್ರಗಳಿವೆ, ಹತ್ತಿರ ಹತ್ತಿರ ಕಪ್ಪೇ. ನಮ್ಮ ಕಲಾವಿದ ಮಿತ್ರರು ಅದರ ಪುಸ್ತಕ ತೆರೆದಿಟ್ಟು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾರೆ. ಅದು ಸ್ಪಿರಿಚುಯಲ್. ನಮ್ಮ ಗೂಡಿನ ಕಪ್ಪು ಮಾತ್ರ ಡಿವೋಷನಲ್! ಎರಡು ಪದಕ್ಕೂ ಏನು ವ್ಯತ್ಯಾಸ ಅಂತ ಯಾರಾದರೂ ತಿಳಿದವರು ಹೇಳಿ :-)

ಇನ್ನು ಆ ಕಡೆಯವರು. ನಮ್ಮ ಸೋದರಮಾವ ಒಬ್ಬರು ಚಿತ್ರ ನೋಡಿ, "ದೇವರ ಮನೆ ಅಂತೀಯ, ದೇವರೆಲ್ಲೋ? ಮಸಿ ಬರೆದು ದೇವರ ಮನೆಗೇ ಮಸಿ ಬಳಿದೆಯಲ್ಲ" ಅಂದರು. ಬೇಕಿದ್ದರೆ ಮೂಲೆಯಲ್ಲಿ ಒಂದು ಸಣ್ಣ ಗಣಪತಿ ಹಾಕು ಅಂತ ಪರಿಹಾರವನ್ನೂ ಸೂಚಿಸಿದರು. ಮಾವ ಒಳ್ಳೆಯವರು, ನಕ್ಕು ಸುಮ್ಮನಾಗಬಹುದು. ಆದರೆ ಇದೇ ಮಾತು ಗುಂಪು ಕಟ್ಟಿಕೊಂಡು ಬಂದಾಗ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಎಂ.ಎಫ್. ಹುಸೇನ್ 1970ರ ದಶಕದಲ್ಲಿ ಬರೆದ ಸರಸ್ವತಿಯ ರೇಖಾಚಿತ್ರಕ್ಕೆ 1996ರಲ್ಲಿ, ಅದು ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ, ಗಲಾಟೆ ಶುರುವಾಯಿತು. ಅಷ್ಟೂ ವರ್ಷ ಯಾರ ಮನಸ್ಸೂ ನೊಂದಿರಲಿಲ್ಲ. 2006ರಲ್ಲಿ ದೇಶ ಬಿಟ್ಟರು. 2008ರಲ್ಲಿ ದೆಹಲಿ ಹೈಕೋರ್ಟ್ ಅವರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿತು, ಆದರೂ ಅವರು ವಾಪಸ್ ಬರಲಾಗಲಿಲ್ಲ, 2011ರಲ್ಲಿ ಲಂಡನ್ನಿನಲ್ಲಿ ಸತ್ತರು. ಸತ್ತ ಮೇಲಾದರೂ ಬಿಟ್ಟರೇ? 2025ರ ಜನವರಿಯಲ್ಲಿ ಅವರ ಎರಡು ಚಿತ್ರಗಳನ್ನು ವಶಪಡಿಸಿಕೊಳ್ಳಲು ದೆಹಲಿಯ ಕೋರ್ಟೊಂದು ಅನುಮತಿ ಕೊಟ್ಟಿತು. ಹುಸೇನರ ಎಲ್ಲ ಚಿತ್ರಗಳೂ ನನಗೆ ಇಷ್ಟ ಅಂತಲ್ಲ, ಎಷ್ಟೋ ಅವಸರದವು. ಅದನ್ನು ಹೇಳುವುದಕ್ಕೂ ಮೊದಲು ಚಿತ್ರವನ್ನು ನೋಡಿರಬೇಕಲ್ಲ!

ಸರಸ್ವತಿ ಅಂದರೆ ಬಿಳಿ ಸೀರೆ, ರವಿಕೆ, ವೀಣೆ, ಪಕ್ಕದಲ್ಲಿ ನವಿಲು ಅಂತ ಇವರಿಗೆ ಹೇಳಿಕೊಟ್ಟವರು ಯಾರು? ಕ್ಯಾಲೆಂಡರು. ಆ ಕ್ಯಾಲೆಂಡರಿನ ಅಜ್ಜ ರಾಜಾ ರವಿವರ್ಮ, ಯುರೋಪಿನ ತೈಲವರ್ಣದ ರೀತಿಯನ್ನು ಕಲಿತು ಪಳಗಿಸಿಕೊಂಡು, 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿ ಮನೆಮನೆಗೆ ದೇವರನ್ನು ಹಂಚಿದವರು. ನನಗೆ ರವಿವರ್ಮರ ಬಗ್ಗೆ ಗೌರವ ಇದೆ, ಜಗನ್ಮೋಹನ ಅರಮನೆಯಲ್ಲಿ ಗಂಟೆಗಟ್ಟಲೆ ನಿಂತಿದ್ದೇನೆ. ಆದರೆ ಅನಾದಿ ಸಂಪ್ರದಾಯ ಅಂತ ನೀವು ಕೈ ತೋರಿಸುವುದು ಆ ಪ್ರೆಸ್ಸಿನ ಕಡೆಗೆ ಅನ್ನುವುದು ನೆನಪಿರಲಿ. ಹಳೇಬೀಡಿಗೆ ಹೋಗಿ, ಹೊಯ್ಸಳೇಶ್ವರನ ಗೋಡೆಯಲ್ಲಿ ಸರಸ್ವತಿ ಕುಣಿಯುತ್ತಿದ್ದಾಳೆ. ಮೈತುಂಬ ಒಡವೆ, ರವಿಕೆ ಹುಡುಕಿದರೆ ಸಿಗುವುದಿಲ್ಲ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ಲರೂ ಎದೆಯುಬ್ಬಿಸಿದರು, ಅವರಲ್ಲಿ ಎಷ್ಟು ಜನ ಆ ಗೋಡೆ ನೋಡಿದ್ದರೋ.

ಇವೆರಡೂ ಪಂಗಡದವರು ಸೇರಿ ಒಪ್ಪುವ ಒಂದು ಮಾತಿದೆ, ನನಗೆ ಅದರ ಮೇಲೆ ಇನ್ನೂ ಸಿಟ್ಟು. ಹಿಂದಿನ ಕಲಾವಿದರಿಗೆ ಅಹಂಕಾರವೇ ಇರಲಿಲ್ಲ, ಹೆಸರು ಹಾಕುತ್ತಿರಲಿಲ್ಲ, ಎಲ್ಲ ದೇವರಿಗೆ ಅರ್ಪಣೆ ಅಂತ. ಹೌದಾ? ಸೋಮನಾಥಪುರದಲ್ಲಿ ಮಲ್ಲಿತಮ್ಮ ವಿಗ್ರಹಗಳ ಬುಡದಲ್ಲಿ ತನ್ನ ಹೆಸರು ಕೆತ್ತಿದ್ದಾನೆ. ಒಂದಲ್ಲ, ಹಲವು ಕಡೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಇದು ನನ್ನ ಕೆಲಸ, ಬಂದು ನೋಡು ಅನ್ನುವ ಗರ್ವ ಅದು. ಆ ಗರ್ವಕ್ಕೂ ಭಕ್ತಿಗೂ ಜಗಳ ಇತ್ತು ಅಂತ ನನಗನ್ನಿಸುವುದಿಲ್ಲ. ಕಲ್ಲಿನ ಬೆರಳು ಸರಿಯಾಗಿ ಬಂದಿದೆಯಾ ಅಂತ ಹತ್ತನೇ ಸಲ ಬಗ್ಗಿ ನೋಡುವವನಿಗೆ ಎರಡೂ ಬೇಕಾಗುತ್ತೆ.

ನಾನು ಆಸ್ತಿಕನಾ ಅಂತ ಕೇಳಬೇಡಿ. ದೇವಸ್ಥಾನಕ್ಕೆ ಹೋಗುವುದು ಅಮ್ಮನನ್ನು ಬಿಡುವುದಕ್ಕೆ, ಒಳಗೆ ಹೋದರೂ ಕಣ್ಣು ಹೋಗುವುದು ಎಣ್ಣೆ ಮೆತ್ತಿದ ಕಲ್ಲಿನ ಕಡೆಗೆ. ಆದರೆ ಸ್ಟುಡಿಯೋ ಅಂತ ನಾನು ಕರೆಯುವ ಮಹಡಿ ಕೋಣೆಯಲ್ಲಿ ಕಿಟಕಿಯ ಬೆಳಕು ಸರಿ ಇರುವುದು ಒಂಬತ್ತರಿಂದ ಹನ್ನೊಂದೂವರೆ. ಆ ಎರಡೂವರೆ ಗಂಟೆ ತಪ್ಪಿಸಲು ನನಗೆ ಭಯ. ಜ್ವರ ಬಂದ ದಿನವೂ ಹೋಗಿ ಸುಮ್ಮನೆ ಕೂತಿದ್ದೇನೆ. ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಗುರುಗಳಿಂದ ಬಂದ ಅಭ್ಯಾಸ, ಬಿಟ್ಟಿಲ್ಲ. ಅದಕ್ಕೆ ಏನು ಹೆಸರು ಇಡುತ್ತೀರೋ ಇಡಿ. ಅದನ್ನು ಮುನ್ನೂರು ಪದಗಳಲ್ಲಿ ಬರೆದು ಕಳಿಸು ಅಂದಾಗ ಮಾತ್ರ ಅದು ಇನ್ನೇನೋ ಆಗಿಬಿಡುತ್ತದೆ, ಆಗಿದ್ದನ್ನು ನಾನೇ ನೋಡಿದೆ.

ಪ್ರದರ್ಶನ ಮುಗಿಯುವುದಕ್ಕೆ ಇನ್ನೂ ನಾಲ್ಕು ದಿನ ಇದ್ದಾಗ ಫೋನ್ ಮಾಡಿ, ಆ ಟಿಪ್ಪಣಿ ತೆಗೆದುಬಿಡಿ, ಹೆಸರು, ಅಳತೆ, ಏನು ಬಳಸಿದ್ದು ಇಷ್ಟು ಸಾಕು ಅಂದೆ. ನೋಟ್ ಇಲ್ಲದೆ ಜನಕ್ಕೆ ಅರ್ಥ ಆಗಲ್ಲ ಸರ್, ಅಂದರು. ಹಾಗಾದರೆ ಚಿತ್ರ ವಾಪಸ್ ಕೊಡಿ ಅಂದೆ. ಕೊಟ್ಟರು, ಮುಂದೆ ಕರೆಯುವುದಿಲ್ಲ ಅನ್ನುವುದು ಧ್ವನಿಯಲ್ಲೇ ಇತ್ತು. ಅದು ಮಾರಾಟವಾಗಿದ್ದರೆ ಮಗಳ ಕಾಲೇಜಿನ ಒಂದು ವರ್ಷದ ಫೀಸು ಆಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಅದೂ ನ್ಯಾಯವೇ.

ಚಿತ್ರ ಈಗ ಮಹಡಿ ಮೇಲೆ ಗೋಡೆಗೆ ಒರಗಿಕೊಂಡು ನಿಂತಿದೆ. ಅಮ್ಮ ಒಂದು ದಿನ ಮೆಟ್ಟಿಲು ಹತ್ತಿ ಬಂದು, ಹತ್ತಿರ ಹೋಗಿ, ಬೆರಳಿಂದ ಮುಟ್ಟಿ, ಬೆರಳು ನೋಡಿಕೊಂಡಳು, ಮಸಿ ಹತ್ತಿತಾ ಅಂತ. ಹತ್ತಿರಲಿಲ್ಲ. "ಗೋಂದು ಚೆನ್ನಾಗಿ ಹಿಡ್ದಿದೆ" ಅಂದಳು. ಎರಡನೆಯದನ್ನು ಶುರು ಮಾಡಿದ್ದೇನೆ, ಮಸಿ ಮುಗಿದಿತ್ತು. ಮೊನ್ನೆ ಬೆಳಿಗ್ಗೆ ದೇವರ ಮನೆಗೆ ಹೋದರೆ, ದೀಪದ ಮೇಲೆ ಮಣ್ಣಿನ ತಟ್ಟೆ ಅವಳೇ ಬೋರಲು ಹಾಕಿಟ್ಟಿದ್ದಳು.