ವಾರ್ಡಿನ ಗೆರೆ ಎಳೆಯುವಾಗ ಸಮುದಾಯವೆಲ್ಲಿತ್ತು?

ನಗರಸಭೆ, ಪುರಸಭೆಗಳ ಚುನಾವಣಾ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಮಾತುಗಳು ಹೊಸತೇನಲ್ಲ. ಮತಗಳು ಹಂಚಿಹೋದವು, ಪಕ್ಷ ಕೈಕೊಟ್ಟಿತು, ನಮ್ಮವರೇ ನಮ್ಮವರನ್ನು ಸೋಲಿಸಿದರು ಎಂಬ ಅಳಲು ಒಂದು ವಾರ ನಡೆಯುತ್ತದೆ. ಆಮೇಲೆ ಎಲ್ಲವೂ ತಣ್ಣಗಾಗುತ್ತದೆ. ಈ ಮಾತುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅನೇಕ ವಾರ್ಡುಗಳ ಸೋಲುಗೆಲುವು ಮತದಾನದ ದಿನ ನಿರ್ಧಾರವಾಗುವುದಿಲ್ಲ. ಅದಕ್ಕೂ ಎಷ್ಟೋ ತಿಂಗಳ ಮೊದಲು, ಸರಕಾರಿ ಕಚೇರಿಯ ಮೇಜಿನ ಮೇಲೆ ಊರಿನ ನಕ್ಷೆ ಹರಡಿ ಗೆರೆ ಎಳೆಯುವ ದಿನವೇ ಅದು ಬಹುಪಾಲು ನಿರ್ಧಾರವಾಗಿರುತ್ತದೆ. ಆ ದಿನ ಸಮುದಾಯ ಎಲ್ಲಿತ್ತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಪೌರ ಸಂಸ್ಥೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ನೀಡಿತು. ಐದು ವರ್ಷಗಳ ಅವಧಿ, ಅವಧಿ ಮುಗಿಯುವ ಮುನ್ನವೇ ಚುನಾವಣೆ, ಪರಿಶಿಷ್ಟ ಜಾತಿ, ಪಂಗಡಗಳಿಗೆ ಹಾಗೂ ಮಹಿಳೆಯರಿಗೆ ಮೀಸಲು ಸ್ಥಾನ ಇವೆಲ್ಲ ಅದರ ಕೊಡುಗೆಗಳು. ಆದರೆ ಚುನಾವಣೆ ನಡೆಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಿದ ಆ ತಿದ್ದುಪಡಿ, ವಾರ್ಡುಗಳ ಗೆರೆ ಎಳೆಯುವವರು ಯಾರೆಂಬುದನ್ನು ರಾಜ್ಯಗಳ ಕಾನೂನಿಗೆ ಬಿಟ್ಟಿತು. ನೆರೆಯ ಕೇರಳದಲ್ಲಿ 2024ರಲ್ಲಿ ಸ್ಥಳೀಯ ಸಂಸ್ಥೆಗಳ ವಾರ್ಡ್ ವಿಂಗಡಣೆಗಾಗಿ ರಚನೆಯಾದ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರಾಗಿದ್ದರು. ಕರ್ನಾಟಕದ ನಗರಗಳಲ್ಲಾದರೋ ಅಂತಿಮ ಅಧಿಸೂಚನೆ ಹೊರಡುವುದು ಸರಕಾರದಿಂದ. ಸರಕಾರವೆಂದರೆ ಒಂದು ಪಕ್ಷ. ಪಕ್ಷವೆಂದರೆ ಮುಂದಿನ ಚುನಾವಣೆಯ ಅಭ್ಯರ್ಥಿ. ಆಟಗಾರನೇ ಮೈದಾನದ ಗೆರೆ ಎಳೆಯುವ ಈ ವ್ಯವಸ್ಥೆ ಯಾವ ಪಕ್ಷ ಅಧಿಕಾರದಲ್ಲಿದ್ದರೂ ಬದಲಾಗಿಲ್ಲ.

ಗೆರೆ ಎಷ್ಟು ಮುಖ್ಯವೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಉದಾಹರಣೆಗೆ, 62 ಸಾವಿರ ಜನಸಂಖ್ಯೆಯ ಊರಿನ ನಗರಸಭೆಗೆ 31 ವಾರ್ಡುಗಳಿವೆಯೆಂದು ಭಾವಿಸೋಣ. ವಾರ್ಡೊಂದಕ್ಕೆ ಎರಡು ಸಾವಿರ ಜನ. ಆ ಊರಿನಲ್ಲಿ ಒತ್ತೊತ್ತಾಗಿ ಬದುಕುತ್ತಿರುವ 12 ಸಾವಿರ ಮುಸ್ಲಿಮರಿದ್ದರೆ ಅದು ಆರು ವಾರ್ಡುಗಳ ಜನಸಂಖ್ಯೆಯಾಯಿತು. ಈಗ ಗೆರೆಯನ್ನು ಮೊಹಲ್ಲಾದ ನಡುವಿನಿಂದ ಹತ್ತಾರು ಕಡೆ ಹಾಯಿಸಿ, ಅವರನ್ನು ತಲಾ 600ರಂತೆ 20 ವಾರ್ಡುಗಳಿಗೆ ಹಂಚಿದರೆ ಎಲ್ಲಿಯೂ ಅವರ ಮಾತು ನಡೆಯದು. ಇದು ಒಡೆಯುವ ವಿಧಾನ. ಇನ್ನೊಂದು ತುಂಬುವ ವಿಧಾನ. ಬೇರೆ ಕಡೆ ಎರಡು ಸಾವಿರಕ್ಕೊಂದು ವಾರ್ಡ್ ಮಾಡಿ, ಇಲ್ಲಿ ಮಾತ್ರ ನಾಲ್ಕು ಸಾವಿರ ಜನರನ್ನು ಒಂದೊಂದು ವಾರ್ಡಿಗೆ ತುರುಕಿದರೆ ಆರರ ಬದಲು ಮೂವರೇ ಸದಸ್ಯರು. ಸದಸ್ಯರಿಗೂ ಜನಸಂಖ್ಯೆಗೂ ಇರುವ ಅನುಪಾತ ಸಾಧ್ಯವಾದಷ್ಟೂ ಎಲ್ಲ ವಾರ್ಡುಗಳಲ್ಲಿ ಒಂದೇ ಆಗಿರಬೇಕೆಂಬುದು ಕಾನೂನಿನ ಆಶಯ. ಆದರೆ "ಸಾಧ್ಯವಾದಷ್ಟು" ಎಂಬ ಪದವು ಪ್ರಶ್ನಿಸುವವರಿಲ್ಲದ ಕಡೆ ಬಹಳ ಹಿಗ್ಗುತ್ತದೆ.

ನಷ್ಟವಾಗುವುದು ಕೇವಲ ಕುರ್ಚಿಯಲ್ಲ. ಕುಡಿಯುವ ನೀರಿನ ಸರದಿ, ಒಳಚರಂಡಿ, ಬೀದಿದೀಪ, ಕಸದ ವಾಹನ, ಖಾತೆಯ ಕಾಗದ, ಖಬರಸ್ತಾನದ ದಾರಿ - ಬಡ ಕುಟುಂಬವೊಂದು ಸರಕಾರವೆಂದು ಕಾಣುವುದು ಇವುಗಳನ್ನೇ. ಮೂರು ವಾರ್ಡುಗಳಿಗೆ ಹರಿದುಹೋದ ಬೀದಿಯ ಚರಂಡಿ ತುಂಬಿದಾಗ ಮೂವರು ಸದಸ್ಯರೂ ಅದು ತಮ್ಮದಲ್ಲವೆನ್ನುತ್ತಾರೆ.

ಈ ಗೆರೆಗಳು ರಾಜ್ಯಪತ್ರದಲ್ಲಿ ಚಕ್ಕುಬಂದಿಯ ರೂಪದಲ್ಲಿ ಪ್ರಕಟವಾಗುತ್ತವೆ. ಉತ್ತರಕ್ಕೆ ಇಂಥ ರಸ್ತೆ, ದಕ್ಷಿಣಕ್ಕೆ ಇಂಥ ಕಾಲುವೆ ಎಂಬ ಒಣ ವಾಕ್ಯಗಳನ್ನು ಓದುವ ಸಹನೆ ಹೆಚ್ಚಿನವರಿಗಿಲ್ಲ. ಅವುಗಳ ಹಿಂದಿರುವುದು ಜನಗಣತಿಯ ಅಂಕಿಗಳು. 2021ರ ಜನಗಣತಿ ಸಕಾಲದಲ್ಲಿ ನಡೆಯದ ಕಾರಣ 2011ರ ಅಂಕಿಗಳೇ ವಿಂಗಡಣೆಗೆ ಆಧಾರವಾದವು. ಈ ನಡುವೆ ಊರ ಹೊರವಲಯದ ಬಡಾವಣೆಗಳಿಗೆ ಸಾವಿರಾರು ಕುಟುಂಬಗಳು ಸ್ಥಳಾಂತರಗೊಂಡಿವೆ. ಹಳೆಯ ಲೆಕ್ಕದಲ್ಲಿ ಅವರು ಅಲ್ಲಿ ಇಲ್ಲವೇ ಇಲ್ಲ!

ಗೆರೆಯ ನಂತರದ ಹಂತ ಮೀಸಲಾತಿ. ಕರ್ನಾಟಕದ ಪೌರ ಕಾನೂನಿನಂತೆ ಹಿಂದುಳಿದ ವರ್ಗಗಳಿಗೆ ಮೀಸಲಾದ ಸ್ಥಾನಗಳಲ್ಲಿ ಶೇ. 80 'ಎ' ವರ್ಗಕ್ಕೆ, ಶೇ. 20 'ಬಿ' ವರ್ಗಕ್ಕೆ. ಮುಸ್ಲಿಮರು 'ಎ' ವರ್ಗದಲ್ಲಿ ನೂರಾರು ಜಾತಿಗಳೊಂದಿಗೆ ಇದ್ದಾರೆ. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ. ಮೀಸಲಾತಿಯು ಸರದಿಯಂತೆ ವಾರ್ಡಿನಿಂದ ವಾರ್ಡಿಗೆ ಸುತ್ತುತ್ತದೆ. ಸುತ್ತುವುದು ನ್ಯಾಯವೇ, ಆದರೆ ಸುತ್ತಿಸುವ ಕೈ ನ್ಯಾಯವಾಗಿರಬೇಕು. 2006ರ ಸಾಚಾರ್ ಸಮಿತಿಯ ವರದಿಯು ಶಾಸನಸಭಾ ಕ್ಷೇತ್ರಗಳ ಬಗ್ಗೆ ಒಂದು ಗಂಭೀರ ಅಂಶವನ್ನು ಎತ್ತಿ ತೋರಿಸಿತ್ತು. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಮುಸ್ಲಿಮರು ಹೆಚ್ಚಿರುವ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿದ್ದರೆ, ದಲಿತರು ಹೆಚ್ಚಿರುವ ಕೆಲವು ಕ್ಷೇತ್ರಗಳು ಮೀಸಲಾಗಿರಲಿಲ್ಲ. ದಲಿತ ಸಹೋದರರ ಮೀಸಲಾತಿ ಅವರ ಹಕ್ಕು. ಅದನ್ನು ನಾವು ತುಂಬುಹೃದಯದಿಂದ ಸಮರ್ಥಿಸುತ್ತೇವೆ. ಇಂಥ ಹಂಚಿಕೆಯಿಂದ ನಷ್ಟವಾಗುವುದು ಅವರಿಗೂ ಹೌದು, ನಮಗೂ ಹೌದು ಎಂಬುದೇ ನಮ್ಮ ಆಕ್ಷೇಪ.

ರಾಜಧಾನಿ ಬೆಂಗಳೂರಿನ ಕಥೆಯಂತೂ ಎಲ್ಲ ಊರುಗಳಿಗೂ ಪಾಠ. 198 ವಾರ್ಡುಗಳ ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು. 2022ರಲ್ಲಿ ವಾರ್ಡುಗಳು 243 ಆದವು. ಆಗ ಪ್ರಕಟವಾದ ಮೀಸಲಾತಿ ಪಟ್ಟಿಯನ್ನು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು. ಸರಕಾರ ಬದಲಾಯಿತು, 2023ರಲ್ಲಿ ವಾರ್ಡುಗಳು 225 ಆದವು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ನವೆಂಬರ್‌ನಲ್ಲಿ ಒಟ್ಟು 369 ವಾರ್ಡುಗಳ ಅಂತಿಮ ಪಟ್ಟಿ ಹೊರಬಿತ್ತು. ಹೀಗೆ ಐದು ವರ್ಷಗಳಲ್ಲಿ ಮೂರು ಬಾರಿ ನಕ್ಷೆ ಬದಲಾಯಿತು. ಆ ಐದು ವರ್ಷಗಳಲ್ಲಿ ನಗರದ ಜನರಿಗೆ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಗೆರೆ ತಿದ್ದುವ ಕೆಲಸವೇ ಪ್ರಜಾಪ್ರಭುತ್ವವನ್ನು ಮುಂದೂಡುವ ನೆಪವಾಯಿತು. ವಿಂಗಡಣೆಯ ನೆಪದಲ್ಲಿ ಚುನಾವಣೆ ತಡೆಯುವಂತಿಲ್ಲವೆಂದು ಸುಪ್ರೀಮ್ ಕೋರ್ಟ್ 2006ರಲ್ಲಿ ಅಹ್ಮದಾಬಾದ್ ಪಾಲಿಕೆಯ ಪ್ರಕರಣದಲ್ಲಿಯೂ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿಯೂ ಹೇಳಿದ್ದರೂ ಇದು ನಡೆಯಿತೆಂಬುದು ಖೇದಕರ.

ಕೋರ್ಟಿಗೆ ಹೋದರಾಯಿತು ಎಂಬ ಭರವಸೆಯಲ್ಲಿ ಕೂರುವವರು ಇನ್ನೊಂದು ವಿಷಯ ತಿಳಿಯಬೇಕು. ವಾರ್ಡ್ ವಿಂಗಡಣೆ ಮತ್ತು ಸ್ಥಾನ ಹಂಚಿಕೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೆ ಸಂವಿಧಾನದ 243 ಜಡ್‌ಜಿ ವಿಧಿಯೇ ತಡೆಯೊಡ್ಡಿದೆ. ಪಂಚಾಯತ್‌ಗಳಿಗೆ ಸಂಬಂಧಿಸಿದ ಇಂಥದ್ದೇ ವಿಧಿಯನ್ನು 1995ರಲ್ಲಿ ಪರಿಶೀಲಿಸಿದ ಸುಪ್ರೀಮ್ ಕೋರ್ಟ್, ಆಕ್ಷೇಪಣೆ ಸಲ್ಲಿಸಲು ಅವಕಾಶವನ್ನೇ ನೀಡದಿದ್ದರೆ ಮಾತ್ರ ವಿಂಗಡಣೆಯನ್ನು ಪ್ರಶ್ನಿಸಬಹುದು, ಚುನಾವಣಾ ಅಧಿಸೂಚನೆ ಹೊರಟ ಮೇಲೆ ಅದೂ ಸಾಧ್ಯವಿಲ್ಲ ಎಂಬರ್ಥದ ತೀರ್ಪು ನೀಡಿತ್ತು. ಅಂದರೆ ಕರಡು ಪ್ರಕಟವಾದ ಬಳಿಕದ ಅವಧಿಯೇ ನಿಜವಾದ ನ್ಯಾಯಾಲಯ. ಬೆಂಗಳೂರಿನಂಥ ಮಹಾನಗರಕ್ಕೂ ಈ ಅವಧಿ ಸಿಕ್ಕಿದ್ದು ಕೇವಲ 15 ದಿನ.

ಹಾಗಾದರೆ ನಾವು ಕೇಳಬೇಕಾದುದೇನು? ಮುಸ್ಲಿಮರದೇ ಆದ ವಾರ್ಡುಗಳನ್ನೇ? ಖಂಡಿತ ಅಲ್ಲ. 1909ರಲ್ಲಿ ಬ್ರಿಟಿಷರು ತಂದ ಪ್ರತ್ಯೇಕ ಮತಕ್ಷೇತ್ರಗಳ ಹಾದಿಯನ್ನು ಸ್ವತಂತ್ರ ಭಾರತದ ಸಂವಿಧಾನ ಕೈಬಿಟ್ಟಿತು. ಅದು ಸರಿಯಾದ ನಿರ್ಧಾರವೆಂದೇ ನಾವು ಭಾವಿಸುತ್ತೇವೆ. ಸಮುದಾಯವನ್ನು ಒಂದು ಮೂಲೆಗೆ ತಳ್ಳಿ, ಆ ಮೂಲೆಗೊಬ್ಬ ಸದಸ್ಯನನ್ನು ಕೊಟ್ಟು, ಉಳಿದೆಲ್ಲ ವಾರ್ಡುಗಳು ನಮ್ಮನ್ನು ಮರೆಯುವಂತೆ ಮಾಡುವುದು ಸನ್ಮಾನವಲ್ಲ. ನಮ್ಮ ಬಾಗಿಲಿಗೆ ಬಾರದೆ ಯಾರೂ ಗೆಲ್ಲಲಾಗದ, ಇತರರ ಬಾಗಿಲಿಗೆ ಹೋಗದೆ ನಮ್ಮವನೂ ಗೆಲ್ಲಲಾಗದ ವಾರ್ಡೇ ಆರೋಗ್ಯಕರ ವಾರ್ಡ್. ನಮ್ಮ ಬೇಡಿಕೆ ಇಷ್ಟೇ: ಜನಸಂಖ್ಯೆ ಸಮನಾಗಿರಲಿ, ಗೆರೆ ರಸ್ತೆ ಕಾಲುವೆಗಳನ್ನು ಅನುಸರಿಸಲಿ, ಒಂದು ಬೀದಿಯನ್ನು ವಿನಾಕಾರಣ ಸೀಳದಿರಲಿ, ಗೆರೆ ಎಳೆಯುವವರು ಚುನಾವಣೆಗೆ ನಿಲ್ಲುವವರಾಗದಿರಲಿ. ಇದು ಮುಸ್ಲಿಮರ ಬೇಡಿಕೆಯಲ್ಲ. ಪಕ್ಕದ ಬೀದಿಯ ದಲಿತರಿಗೂ, ಲಿಂಗಾಯತರಿಗೂ, ಕ್ರೈಸ್ತರಿಗೂ ಇದೇ ನ್ಯಾಯ ಬೇಕು.

ಇದರೊಂದಿಗೆ ಸಮುದಾಯ ಆತ್ಮಾವಲೋಕನವನ್ನೂ ಮಾಡಬೇಕಾಗಿದೆ. ನ್ಯಾಯವಾಗಿ ಎಳೆದ ಗೆರೆಯೊಳಗೂ ಸದಸ್ಯ ಸ್ಥಾನವನ್ನು ನಾವು ಹಂಚುವ ರೀತಿ ಹೇಗಿದೆ? ಹಣವಂತರು, ಗುತ್ತಿಗೆದಾರರು, ಒಂದೇ ಮನೆತನದವರು ಅದನ್ನು ಪಿತ್ರಾರ್ಜಿತ ಆಸ್ತಿಯಂತೆ ಅನುಭವಿಸುತ್ತಿಲ್ಲವೇ? ವಾರ್ಡ್ ಮಹಿಳೆಗೆ ಮೀಸಲಾದೊಡನೆ ಪತ್ನಿಯ ಹೆಸರಲ್ಲಿ ನಾಮಪತ್ರ ಸಲ್ಲಿಸಿ, ಸಭೆಗೆ ತಾವೇ ಹೋಗಿ ಕೂರುವ ಗಂಡಂದಿರು ನಮ್ಮಲ್ಲಿ ಕಡಿಮೆಯೇ? ಪದವಿ ಪಡೆದ, ಮಾತು ಬಲ್ಲ, ಮೊಹಲ್ಲಾದ ಕಷ್ಟ ಅರಿತ ಸಹೋದರಿಯರು ಇಂದು ಪ್ರತಿ ಊರಿನಲ್ಲಿದ್ದಾರೆ. ಅವರನ್ನು ಮನೆಯೊಳಗೆ ಕೂರಿಸಿ ಸಹಿ ಮಾತ್ರ ಪಡೆಯುವುದು ಕಾನೂನಿಗೆ ಮಾಡುವ ವಂಚನೆ, ಮತ ಕೊಟ್ಟವರಿಗೂ ಮಾಡುವ ವಂಚನೆ. ಅಮಾನತ್ತನ್ನು ಅದಕ್ಕೆ ಅರ್ಹರಾದವರಿಗೇ ಒಪ್ಪಿಸಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ. ಮತವೂ ಒಂದು ಅಮಾನತ್, ಸದಸ್ಯ ಸ್ಥಾನವೂ ಒಂದು ಅಮಾನತ್.

ಆದ್ದರಿಂದ ಜಮಾಅತ್ ಕಮಿಟಿಗಳು ಈ ವಿಷಯದತ್ತ ಗಮನ ಹರಿಸಬೇಕು. ಪ್ರತಿ ಊರಿನಲ್ಲಿ ಒಬ್ಬ ವಕೀಲ, ಒಬ್ಬ ಶಿಕ್ಷಕ, ನಕ್ಷೆ ಓದಬಲ್ಲ ಒಬ್ಬ ಯುವಕ ಅಥವಾ ಯುವತಿ ಸೇರಿ ಸಣ್ಣದೊಂದು ತಂಡ ರಚಿಸಿಕೊಳ್ಳಲಿ. ಕರಡು ಪ್ರಕಟವಾದ ದಿನವೇ ಪ್ರತಿಯನ್ನು ತಂದು, ವಾರ್ಡುವಾರು ಜನಸಂಖ್ಯೆಯನ್ನು ಹೋಲಿಸಿ, ಚಕ್ಕುಬಂದಿಯನ್ನು ಕಾಲ್ನಡಿಗೆಯಲ್ಲಿ ಪರಿಶೀಲಿಸಲಿ. ದೂರು "ನಮಗೆ ಅನ್ಯಾಯವಾಗಿದೆ" ಎಂಬ ಒಂದು ಸಾಲಿನದ್ದಾಗಿರಬಾರದು. ಯಾವ ವಾರ್ಡು, ಯಾವ ಬೀದಿ, ಎಷ್ಟು ಜನ, ಬದಲಿ ಗೆರೆ ಯಾವುದು ಎಂಬುದೆಲ್ಲ ಅದರಲ್ಲಿರಬೇಕು. ಸಾಧ್ಯವಾದರೆ ನೆರೆಯ ಸಮುದಾಯದವರ ಸಹಿಯೂ ಇರಲಿ. ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯಲು ಮರೆಯಬಾರದು. ನಾಳೆ ಬೇಕಾಗುವ ದಾಖಲೆ ಅದೇ. ಹಾಗೆಯೇ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿಯಲ್ಲಿ ಪ್ರತಿ ಮನೆಯ ಪ್ರತಿ ಸದಸ್ಯರೂ ಸರಿಯಾಗಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಮುಂದಿನ ಗೆರೆಗಳು ಹುಟ್ಟುವುದು ಆ ಪಟ್ಟಿಯಿಂದಲೇ.

ಸ್ವಂತದ ಹಾಗೂ ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಪಕ್ಷದಲ್ಲಿ ನಿಲ್ಲಬೇಕೆಂದು ಕಲಿಸುವ ಧರ್ಮದ ಅನುಯಾಯಿಗಳು ನಾವು. ನಮಗೆ ಲಾಭವಾಗುವ ವಕ್ರಗೆರೆಯನ್ನೂ ನಾವು ಒಪ್ಪಬಾರದು, ನಮ್ಮನ್ನು ಅಳಿಸುವ ವಕ್ರಗೆರೆಯನ್ನೂ ಮೌನವಾಗಿ ಸಹಿಸಬಾರದು. ಮತ ಎಣಿಸುವ ದಿನ ಕೋಪಗೊಳ್ಳುವುದು ಸುಲಭ. ಕರಡು ಓದಿ ಆಕ್ಷೇಪಣೆ ಬರೆಯುವ ಹದಿನೈದು ದಿನಗಳ ಶ್ರಮ ಕಷ್ಟದ್ದು. ಸಮುದಾಯದ ಮುಂದಿನ ಐದು ವರ್ಷಗಳ ಭವಿಷ್ಯ ಇರುವುದು ಆ ಹದಿನೈದು ದಿನಗಳಲ್ಲಿ.