ಕೈಗೂ ಒಂದು ಹೆಲ್ಮೆಟ್ಟು

ನಮ್ಮ ಎದುರುಮನೆಯ ಹುಡುಗ ಬೈಕಿನಿಂದ ಬಿದ್ದಾಗ ಅಂಥ ವೇಗದಲ್ಲೇನೂ ಇರಲಿಲ್ಲ. ಯಾರೋ ಮನೆ ಕಟ್ಟಲು ತರಿಸಿದ್ದ ಮರಳು ತಿರುವಿನಲ್ಲಿ ಹರಡಿಕೊಂಡಿತ್ತು. ಮುಂದಿನ ಚಕ್ರ ಜಾರಿತು. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಎರಡೂ ಅಂಗೈಗಳ ಚರ್ಮ ಮಾತ್ರ ಡಾಂಬರಿನ ಪಾಲಾಯಿತು. ಪರೀಕ್ಷೆಗೆ ಹತ್ತೇ ದಿನ ಬಾಕಿ. ಇಪ್ಪತ್ತು ವರ್ಷದ ಮಗನಿಗೆ ತಾಯಿ ಮತ್ತೆ ತುತ್ತು ಮಾಡಿ ಉಣಿಸಬೇಕಾಯಿತು. ಪೆನ್ನು ಹಿಡಿಯುವುದು ದೂರದ ಮಾತು.

ಬೀಳುವಾಗ ಕೈ ತಾನಾಗಿಯೇ ಮುಂದೆ ಬರುತ್ತದೆ. ಎಷ್ಟು ಬುದ್ಧಿ ಹೇಳಿದರೂ ಅದು ಕೇಳುವುದಿಲ್ಲ. ಮೈಭಾರವೆಲ್ಲ ಅಂಗೈಯ ಬುಡದ ಮೇಲೆ. ಅಲ್ಲಿ, ಹೆಬ್ಬೆರಳಿನ ಕೆಳಗೆ ಮಣಿಕಟ್ಟಿನೊಳಗೆ, ಸ್ಕೇಫಾಯ್ಡ್ ಎಂಬ ಗೋಡಂಬಿಯಾಕಾರದ ಪುಟ್ಟ ಮೂಳೆಯಿದೆ. ಅದಕ್ಕೆ ರಕ್ತದ ಪೂರೈಕೆ ಕಡಿಮೆ. ಮುರಿದರೆ ಕೂಡಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣಿಸದಿರುವುದೂ ಉಂಟು. 'ಉಳುಕಿರಬೇಕು' ಎಂದು ಎಣ್ಣೆ ತಿಕ್ಕಿಕೊಂಡು ಕೂರಬೇಡಿ.

ಅಂಗಡಿಯಲ್ಲಿ ಹುಡುಗರ ಕಣ್ಣು ಮೊದಲು ಹೋಗುವುದು ಗೆಣ್ಣಿನ ಮೇಲಿನ ಮಿರುಗುವ ಚಿಪ್ಪಿನ ಮೇಲೆ. ಅದೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಮೊದಲು ಕೈಗವಸನ್ನು ಮಗುಚಿ ಅಂಗೈ ನೋಡಿ. ಅಲ್ಲಿ ಎರಡು ಪದರದ ಚರ್ಮವಿರಬೇಕು. ಬುಡದಲ್ಲಿ ನುಣುಪಾದ ಗಟ್ಟಿ ತುಂಡೊಂದಿದ್ದರೆ ಇನ್ನೂ ಒಳ್ಳೆಯದು. ಕೈ ರಸ್ತೆಗೆ ಕಚ್ಚಿಕೊಂಡರೆ ಮಣಿಕಟ್ಟು ತಿರುಚುತ್ತದೆ; ಈ ತುಂಡು ಕೈಯನ್ನು ಜಾರಿಸಿಕೊಂಡು ಹೋಗುತ್ತದೆ.

ಮುಂದಿನದು ಮಣಿಕಟ್ಟಿನ ಪಟ್ಟಿ. ಪಟ್ಟಿ ಬಿಗಿದುಕೊಂಡು ಕೈ ಚಾಚಿ. ಬೆರಳ ತುದಿ ಹಿಡಿದು ಎಳೆಯಲು ಜೊತೆಗೆ ಬಂದ ಅಪ್ಪನಿಗೆ ಹೇಳಿ. ಕಳಚಿ ಬಂತೋ, ಅದು ಎಷ್ಟೇ ಚೆಂದವಿರಲಿ, ಅಲ್ಲೇ ಬಿಟ್ಟು ಬನ್ನಿ. ಬಿದ್ದ ಕ್ಷಣದಲ್ಲೇ ಹಾರಿಹೋಗುವ ಕೈಗವಸಿನಿಂದ ಏನು ಪ್ರಯೋಜನ? ಯುರೋಪಿನವರ ಇಎನ್ 13594 ಎಂಬ ಮಾನದಂಡದಲ್ಲೂ ಹೀಗೆ ಎಳೆದು ನೋಡುವ ಪರೀಕ್ಷೆಯಿದೆ. ಒಳಗಿನ ಚೀಟಿಯಲ್ಲಿ ಆ ಸಂಖ್ಯೆ ಇದೆಯೇ ನೋಡಿ. ಜೊತೆಗೆ 1 ಅಥವಾ 2 ಎಂದಿರುತ್ತದೆ. 2 ಹೆಚ್ಚು ಗಟ್ಟಿ. 'ಕೆಪಿ' ಎಂದಿದ್ದರೆ ಗೆಣ್ಣಿನ ರಕ್ಷಣೆಯನ್ನೂ ಪರೀಕ್ಷಿಸಿದ್ದಾರೆಂದು ಅರ್ಥ.

ಅಳತೆಗೆ ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತ ಟೇಪು ಹಿಡಿದರಾಯಿತು. ಆದರೂ ತೊಟ್ಟುಕೊಂಡು ಕ್ಲಚ್, ಬ್ರೇಕ್ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಸಡಿಲವಾದರೆ ಅಂಗೈಯಲ್ಲಿ ಮುದುರುತ್ತದೆ, ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತದೆ. ಉಣ್ಣೆಯದು ಚಳಿಗೆ ಸರಿ, ಡಾಂಬರಿಗಲ್ಲ. ಅರ್ಧ ಬೆರಳಿನದು ಉಳಿದರ್ಧವನ್ನು ದೇವರಿಗೆ ಬಿಡುತ್ತದೆ.

ಹೆಲ್ಮೆಟ್ಟಿಗೆ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿದೆ. ಕೈಗವಸನ್ನು ಯಾವ ಪೊಲೀಸರೂ ಕೇಳುವುದಿಲ್ಲ. ಹೊಸ ಬೈಕಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಡಲು ಮರೆಯದ ಅಪ್ಪ ಅಮ್ಮಂದಿರೇ ಆ ಪಟ್ಟಿಗೆ ಇದನ್ನೂ ಸೇರಿಸಬೇಕು.

ಎದುರುಮನೆಯ ಹುಡುಗ ಈಗ ತೊಗಲಿನ ಜೋಡಿಯೊಂದನ್ನು ಕೊಂಡಿದ್ದಾನೆ. ಮೊನ್ನೆ ಮಳೆಯಲ್ಲಿ ನೆನೆದದ್ದನ್ನು ಅವನಮ್ಮ ತಾರಸಿಯ ಬಿಸಿಲಿಗೆ ಹರವಿದ್ದರು. ನೆರಳಿಗೆ ತೆಗೆಸಿ ಬಂದೆ. ಬಿಸಿಲಿಗೆ ತೊಗಲು ಹಪ್ಪಳವಾಗುತ್ತದೆ.